ಅನುದಾನ ಕೇಳಿ, ಲೆಕ್ಕ ಮುಂದಿಟ್ಟು ಕೇಳಿ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಯ ಊರೂರುಗಳಲ್ಲಿ ಕಲಾತಂಡ, ಯುವಕ ಸಂಘ, ಭಜನಾ ಮಂಡಳಿ ಕಟ್ಟಿಕೊಂಡಿರುವ ತಮ್ಮಂದಿರೇ, ತಂಗಿಯರೇ, ನಿಮ್ಮಲ್ಲಿ ಅನೇಕರು ಕೇಳುವ ಪ್ರಶ್ನೆ ಒಂದೇ: "ಸರ್ಕಾರದಿಂದ ದುಡ್ಡು ಬರುತ್ತಂತಲ್ಲ, ನಮಗೂ ಸಿಗುತ್ತಾ?" ಸಿಗುತ್ತದೆ. ದಾರಿಯನ್ನೂ ಹೇಳುತ್ತೇನೆ. ಅದಕ್ಕೆ ಮುಂಚೆ ಒಂದು ಮಾತು ಮನಸ್ಸಿನಲ್ಲಿರಲಿ. ಅನುದಾನ ಯಾರೋ ದೊಡ್ಡವರು ಕೊಡುವ ದಾನವಲ್ಲ, ಜನರದೇ ತೆರಿಗೆ ದುಡ್ಡು. ಆದ್ದರಿಂದ ಕೈ ಒಡ್ಡಿ ಬೇಡಬೇಡಿ, ಲೆಕ್ಕ ಮುಂದಿಟ್ಟು ಕೇಳಿ. ಬಂದರೆ ಒಳ್ಳೆಯದು. ಬಾರದಿದ್ದರೂ ತಂಡ ನಿಲ್ಲಬಾರದು.

ನಮ್ಮ ಕಡೆಯ ಪೌರಾಣಿಕ ನಾಟಕವನ್ನೇ ನೋಡಿ. ಸುಗ್ಗಿ ಮುಗಿದ ಮೇಲೆ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ರಾತ್ರಿ ಹೊತ್ತು ಕುರುಕ್ಷೇತ್ರ ಕಲಿಯುತ್ತಾರೆ. ಖರ್ಚೆಲ್ಲ ಪಾತ್ರಧಾರಿಗಳದೇ. ಕೃಷ್ಣ, ದುರ್ಯೋಧನನ ಪಾತ್ರಕ್ಕೆ ಹೆಚ್ಚು, ಸಣ್ಣ ಪಾತ್ರಕ್ಕೆ ಕಡಿಮೆ. ಮೇಷ್ಟ್ರ ಸಂಭಾವನೆ, ಡ್ರಾಮಾ ಸೀನರಿ, ಮೈಕು, ಮೇಕಪ್ಪು, ಸ್ತ್ರೀಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರ ದುಡ್ಡು, ಎಲ್ಲವೂ ಅದರಲ್ಲೇ ಆಗಬೇಕು. ನಾಟಕದ ರಾತ್ರಿ ನೆಂಟರಿಷ್ಟರು ವೇದಿಕೆ ಹತ್ತಿ ಹಾರ ಹಾಕುತ್ತಾರೆ, ಮುಯ್ಯಿ ಕೊಡುತ್ತಾರೆ. ಯಾವ ಇಲಾಖೆಯ ಹಂಗೂ ಇಲ್ಲದೆ ಬೆಳಗಿನ ಜಾವದವರೆಗೆ ಆಟ ನಡೆಯುತ್ತದೆ. ಈ ಶಕ್ತಿಯೇ ನಿಮ್ಮ ಮೂಲಧನ.

ಆದರೆ ಈ ಪದ್ಧತಿಯಲ್ಲಿ ಒಂದು ಕೊರತೆ ಇದೆ. ದುಡ್ಡು ಹಾಕುವ ಶಕ್ತಿ ಇದ್ದವನಿಗೆ ಮಾತ್ರ ಪಾತ್ರ. ತಮಟೆ ಬಾರಿಸುವವರು, ಸೋಮನ ಕುಣಿತ, ಪೂಜಾ ಕುಣಿತದವರು, ಸೋಬಾನೆ ಹೇಳುವ ಹೆಣ್ಣುಮಕ್ಕಳು ತಾವೇ ದುಡ್ಡು ಸುರಿದು ಕಲೆ ಉಳಿಸಿಕೊಳ್ಳುವ ಸ್ಥಿತಿಯಲ್ಲಿಲ್ಲ. ಮೂಡಲಪಾಯದಂಥ ಆಟ ಕಲಿಯಲು ವರ್ಷಗಳೇ ಬೇಕು, ಅಷ್ಟು ದಿನ ಕೂಲಿ ಬಿಟ್ಟು ಯಾರು ಕೂರುತ್ತಾರೆ? ಸಾರ್ವಜನಿಕ ಹಣ ಮೊದಲು ತಲುಪಬೇಕಾದದ್ದು ಇಂಥವರಿಗೆ. ನೀವು ಅರ್ಜಿ ಬರೆಯುವಾಗಲೂ ಇವರನ್ನೇ ಮುಂದಿಟ್ಟುಕೊಂಡು ಬರೆಯಿರಿ.

ಈಗ ದಾರಿಯ ವಿಷಯ. ಜಿಲ್ಲೆಯ ಮಟ್ಟದಲ್ಲಿ ಮೊದಲ ಬಾಗಿಲು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿ. ಸಂಘ ಸಂಸ್ಥೆಗಳಿಗೆ ಧನಸಹಾಯ ಕೊಡುವುದೂ ಈ ಇಲಾಖೆಯೇ, ಮಕ್ಕಳಿಗೆ ಚಿಗುರು, ಯುವಕರಿಗೆ ಯುವ ಸೌರಭ, ಜೊತೆಗೆ ಜನಪರ ಉತ್ಸವ, ಗಿರಿಜನ ಉತ್ಸವ ನಡೆಸುವುದೂ ಇದೇ. ಬೆಂಗಳೂರಿನಲ್ಲಿ ನಾಟಕ ಅಕಾಡೆಮಿ, ಜಾನಪದ ಅಕಾಡೆಮಿ, ಯಕ್ಷಗಾನ ಅಕಾಡೆಮಿಗಳಿವೆ. ನಿಮ್ಮ ಕಲೆ ಯಾವ ಅಕಾಡೆಮಿಯ ವ್ಯಾಪ್ತಿಗೆ ಸೇರುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ಗುರುಶಿಷ್ಯ ಪರಂಪರೆಯಲ್ಲಿ ಕಲಿಸುವ ತಂಡಗಳಿಗೆ ಕೇಂದ್ರದ ಸಂಸ್ಕೃತಿ ಸಚಿವಾಲಯದಲ್ಲೂ ಅನುದಾನವಿದೆ. ಊರಿನ ಸರ್ಕಾರಿ ಶಾಲೆಯ ಮೇಷ್ಟ್ರು, ಮೇಡಂ ಉತ್ಸಾಹಿಗಳಾಗಿದ್ದರೆ, ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆಯ 'ಕಲಿ-ಕಲಿಸು' ಬಗ್ಗೆ ಹೇಳಿ. ಪಾಠದೊಳಗೆ ಸ್ಥಳೀಯ ಕಲೆ ತರುವ ಶಿಕ್ಷಕರಿಗೆ ಅದು ನೆರವಾಗಿದೆ.

ಬಾಗಿಲು ತಟ್ಟುವ ಮುಂಚೆ ಮನೆ ಒಪ್ಪವಾಗಿರಲಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಕಟ್ಟಲು ಏಳು ಜನ ಸಾಕು. ನೋಂದಣಿ ಸುಲಭ, ಅದನ್ನು ಜೀವಂತವಾಗಿ ಇಟ್ಟುಕೊಳ್ಳುವುದೇ ಕಷ್ಟ. ಪ್ರತಿವರ್ಷ ಸರ್ವಸದಸ್ಯರ ಸಭೆ ಕರೆಯಬೇಕು, ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಎಷ್ಟೋ ತಂಡಗಳ ಅರ್ಜಿ ಬಿದ್ದುಹೋಗುವುದು ಕಲೆ ಸಾಲದೆ ಅಲ್ಲ, ಆಡಿಟ್ ವರದಿ ಇಲ್ಲದೆ. ಆದ್ದರಿಂದ ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆದು, ಇಬ್ಬರ ಸಹಿ ಕಡ್ಡಾಯ ಮಾಡಿ. ಶಾಮಿಯಾನದವರಿಂದ ಹಿಡಿದು ಊಟದವರ ತನಕ ಬಿಲ್ಲು ಪಡೆಯಿರಿ. ಕಲಾವಿದರಿಗೆ ಕೊಟ್ಟ ದುಡ್ಡಿಗೆ ಹೆಸರು, ಮೊತ್ತ, ತಾರೀಕು ಬರೆದು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಳ್ಳಿ. ಕರಪತ್ರ, ಫೋಟೊ, ಪತ್ರಿಕಾ ವರದಿ ಎಲ್ಲವೂ ಒಂದೇ ಫೈಲಿನಲ್ಲಿರಲಿ. ಬಂದ ಅನುದಾನಕ್ಕೆ ಹಣಬಳಕೆ ಪ್ರಮಾಣಪತ್ರವನ್ನು ಹೇಳಿದ ಗಡುವಿನೊಳಗೆ ಕೊಡಿ. ಮುಂದಿನ ವರ್ಷ ಅಧಿಕಾರಿ ಬದಲಾಗಿರಬಹುದು, ಆದರೆ ಕಡತ ಅಲ್ಲೇ ಇರುತ್ತದೆ. ನಿಮ್ಮ ಪರವಾಗಿ ಮಾತಾಡುವುದು ಅದೇ.

"ಮೇಲಿನವರಿಗೆ ಇಷ್ಟು ಕೊಟ್ಟರೆ ಮಂಜೂರು ಮಾಡಿಸುತ್ತೇನೆ" ಎಂದು ಯಾರಾದರೂ ಬಂದರೆ ಅವರನ್ನು ಹೊಸ್ತಿಲಾಚೆಯೇ ನಿಲ್ಲಿಸಿ. ತಮಟೆಯವನ ಪಾಲಿನಲ್ಲಿ ಕಮಿಷನ್ ಮುರಿದು ನಡೆಸುವ ಉತ್ಸವ ನಮಗೆ ಬೇಡ. ಹಾಗೆಯೇ ಒಂದು ಮನೆಯವರೇ ಮೂರು ಹೆಸರಿನಲ್ಲಿ ಸಂಘ ಮಾಡಿ ಅರ್ಜಿ ಹಾಕುವುದೂ ಬೇಡ. ಇನ್ನೊಂದು ಊರಿನ ಮಕ್ಕಳ ಪಾಲು ಅಲ್ಲಿ ಹೋಗುತ್ತದೆ.

ಸರ್ಕಾರದ ಜೊತೆ ಕೈಜೋಡಿಸಿ ದೊಡ್ಡದನ್ನು ಕಟ್ಟಿದವರು ನಮ್ಮ ನಡುವೆಯೇ ಇದ್ದರು. ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು, ರಾಮನಗರದ ಬಳಿ ಜಾನಪದ ಲೋಕ ಮಾಡಿದರು. 2007ರಲ್ಲಿ ರಾಮನಗರ ಬೇರೆ ಜಿಲ್ಲೆಯಾಗುವವರೆಗೂ ಅದು ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೆಮ್ಮೆಯೇ ಆಗಿತ್ತು. ಜಾಗ ಸರ್ಕಾರದ್ದು, ಆದರೆ ಅದರೊಳಗೆ ತುಂಬಿದ ಹಾಡು, ಒನಕೆ, ಗೊಂಬೆ, ವಾದ್ಯ ಊರೂರು ಅಲೆದು ಕೂಡಿಸಿದ್ದು.

ಇತ್ತ ಹೆಸರಘಟ್ಟದಲ್ಲಿ ಒಡಿಸ್ಸಿ ನರ್ತಕಿ ಪ್ರೊತಿಮಾ ಗೌರಿ ಸರ್ಕಾರದಿಂದ ಗುತ್ತಿಗೆಗೆ ಪಡೆದ 10 ಎಕರೆಯಲ್ಲಿ 1990ರಲ್ಲಿ ನೃತ್ಯಗ್ರಾಮ ಶುರು ಮಾಡಿದರು. ರಾತ್ರಿಯಿಡೀ ನಡೆಯುತ್ತಿದ್ದ ಅಲ್ಲಿನ ವಸಂತ ಹಬ್ಬಕ್ಕೆ ಜನಸಾಗರವೇ ಸೇರುತ್ತಿತ್ತು. 2004ರ ನಂತರ ಆ ಹಬ್ಬ ನಿಂತಿತು, ಹಣದ ಅಭಾವವೂ ಅದಕ್ಕೊಂದು ಕಾರಣ. 1998ರಲ್ಲೇ ಪ್ರೊತಿಮಾ ತೀರಿಕೊಂಡಿದ್ದರು. ಆದರೂ ನೃತ್ಯಗ್ರಾಮ ನಿಲ್ಲಲಿಲ್ಲ. ಅಲ್ಲಿ ಒಡಿಸ್ಸಿ ಕಲಿಕೆ ನಡೆದೇ ಇತ್ತು, ಅಲ್ಲಿನ ತಂಡ ದೇಶವಿದೇಶಗಳಲ್ಲಿ ಹೆಸರು ಮಾಡಿತು. ಇದನ್ನು ಚೆನ್ನಾಗಿ ಗಮನಿಸಿ. ಹಬ್ಬಕ್ಕೆ ಪ್ರಾಯೋಜಕರು ಬರುತ್ತಾರೆ, ಹೋಗುತ್ತಾರೆ. ದಿನದ ಅಭ್ಯಾಸ ಇದ್ದಲ್ಲಿ ಸಂಸ್ಥೆ ಉಳಿಯುತ್ತದೆ. ಹಾಗಾಗಿ ಬಂದ ದುಡ್ಡೆಲ್ಲ ಒಂದು ರಾತ್ರಿಯ ಸ್ಟೇಜು, ಲೈಟಿಗೆ ಸುರಿಯಬೇಡಿ. ಒಂದು ಪಾಲು ವರ್ಷವಿಡೀ ಮಕ್ಕಳಿಗೆ ಕಲಿಸುವ ಮೇಷ್ಟ್ರಿಗೆ ಮೀಸಲಾಗಲಿ.

ಇನ್ನು ಕಂಪನಿಗಳ ಮಾತು. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು. ದೊಡ್ಡಬಳ್ಳಾಪುರ, ಹೊಸಕೋಟೆ, ದಾಬಸ್‌ಪೇಟೆಗಳಲ್ಲಿ ಕೈಗಾರಿಕಾ ಪ್ರದೇಶಗಳು ಬೆಳೆದವು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ, ಅಂದರೆ ಸಿಎಸ್‌ಆರ್‌ಗೆ, ಖರ್ಚು ಮಾಡಬೇಕು. ಆ ಕೆಲಸಗಳ ಪಟ್ಟಿಯಲ್ಲಿ ಶಾಲೆ, ಆಸ್ಪತ್ರೆಯ ಜೊತೆ ಕಲೆ, ಸಂಸ್ಕೃತಿ, ಸಾಂಪ್ರದಾಯಿಕ ಕಸುಬುಗಳೂ ಇವೆ. ಕಂಪನಿ ಇರುವ ಸ್ಥಳದ ಆಸುಪಾಸಿಗೆ ಆದ್ಯತೆ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ. ನೆಲ ಕೊಟ್ಟ ಊರುಗಳು ಇದನ್ನು ಸಂಕೋಚವಿಲ್ಲದೆ ಕೇಳಬೇಕು. ಆದರೆ ಈ ಹಣ ನೇರವಾಗಿ ಪಡೆಯಲು ಸಂಘಕ್ಕೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿ, ಸಿಎಸ್‌ಆರ್-1 ಸಂಖ್ಯೆ, ಮೂರು ವರ್ಷ ಕೆಲಸ ಮಾಡಿದ ದಾಖಲೆ ಬೇಕಾಗುತ್ತದೆ. ಸಣ್ಣ ತಂಡಗಳಿಗೆ ಇದು ಹೊರೆ. ಅಂಥವರು ತಾಲ್ಲೂಕಿನಲ್ಲಿ ಹೆಸರು ಉಳಿಸಿಕೊಂಡಿರುವ ಒಂದು ಸಂಸ್ಥೆಯ ಜೊತೆ ಸೇರಿ, ಯಾರ ಪಾಲು ಎಷ್ಟು, ಯಾರ ಕೆಲಸ ಏನು ಎಂದು ಕರಾರು ಬರೆದುಕೊಳ್ಳಿ.

ಕಂಪನಿಯ ವಾರ್ಷಿಕೋತ್ಸವದಲ್ಲಿ ಗೇಟಿನ ಬಳಿ ಡೊಳ್ಳು ಬಾರಿಸಿ ಬರುವುದು ಪಾಲುದಾರಿಕೆ ಅಲ್ಲ, ಒಂದು ದಿನದ ಕೂಲಿ. ಕೂಲಿ ತಪ್ಪಲ್ಲ, ಅದಕ್ಕೆ ತಕ್ಕ ದುಡ್ಡು ಕೇಳಿ ಪಡೆಯಿರಿ. ಪಾಲುದಾರಿಕೆ ಎಂದರೆ ಊರಿನ ಮಕ್ಕಳಿಗೆ ಎರಡು ಮೂರು ವರ್ಷ ತರಬೇತಿ, ವಾದ್ಯಗಳು, ಗುರುವಿಗೆ ತಿಂಗಳ ಸಂಭಾವನೆ. ಮಾತುಕತೆಗೆ ಕೂತಾಗ ಇದನ್ನೇ ಕೇಳಿ. ಯಾವ ಕಥೆ ಆಡಬೇಕು, ಯಾರು ಕುಣಿಯಬೇಕು ಎಂಬುದು ಮಾತ್ರ ನಿಮ್ಮ ಕೈಯಲ್ಲೇ ಇರಲಿ.

ದುಡ್ಡು ಬಂದ ದಿನ ಮೊದಲು ಕಲಾವಿದರ ಪಾಲು ಕೊಡಿ, ಆಮೇಲೆ ಶಾಮಿಯಾನ, ಶಾಲು, ಹಾರ. ಹಿರಿಯ ಕಲಾವಿದರಿದ್ದರೆ ಮಾಸಾಶನದ ಅರ್ಜಿಯನ್ನು ನೀವೇ ಕೂತು ತುಂಬಿಕೊಡಿ. ವರ್ಷಕ್ಕೊಮ್ಮೆ ಅರಳಿಕಟ್ಟೆಯ ಮುಂದೆ ಜಮಾಖರ್ಚು ಗಟ್ಟಿಯಾಗಿ ಓದಿ. ಇಷ್ಟು ಮಾಡುವ ಸಂಘಕ್ಕೆ ಅನುದಾನ ಒಂದು ವರ್ಷ ತಪ್ಪಿದರೂ ಊರವರು ಕೈಬಿಡುವುದಿಲ್ಲ. ಊರವರು ಬೆನ್ನಿಗಿರುವ ಸಂಘದ ಅರ್ಜಿಯನ್ನು ಯಾವ ಕಚೇರಿಯೂ ಹಗುರವಾಗಿ ಪಕ್ಕಕ್ಕಿಡಲಾರದು.