ಹೊಸ ಶೋಧನೆ ಮತ್ತು ಅದರ ರಕ್ಷಣೆ

ಹೊಲ-ತೋಟಗಳ ಕೆಲಸ ಮಾಡುತ್ತಲೇ ಕಾಲೇಜಿಗೆ ಬರುವವರು ನಮ್ಮಲ್ಲಿ ಬಹುಮಂದಿ ಇದ್ದಾರೆ. ಚನ್ನಗಿರಿಯ ಕಡೆಯವರು ಅಡಿಕೆ ಸುಲಿಯುವ ಯಂತ್ರವನ್ನೂ, ಹೊನ್ನಾಳಿ-ನ್ಯಾಮತಿಯವರು ಮೆಕ್ಕೆಜೋಳ ಬಿಡಿಸುವ ಯಂತ್ರವನ್ನೂ, ಜಗಳೂರಿನವರು ಬಿತ್ತನೆಯ ಕೂರಿಗೆಯನ್ನೂ ಚೆನ್ನಾಗಿ ಬಲ್ಲರು. ಬಳಸಿದವನಿಗೇ ಕುಂದು ತಿಳಿಯುವುದು. ಕುಂದು ತಿಳಿದವನಿಗೇ ಪರಿಹಾರ ಹೊಳೆಯುವುದು. ಹಾಗೆ ಹೊಳೆದುದನ್ನು ಕಂಪನಿಯೊಂದಕ್ಕೆ ತೋರಿಸಿ ನಾಲ್ಕು ಕಾಸು ಸಂಪಾದಿಸಬೇಕೆಂಬ ಆಸೆ ಸಹಜವಾದುದು. ಆದರೆ ತೋರಿಸುವುದಕ್ಕೆ ಮೊದಲು ಮಾಡಬೇಕಾದ ಕೆಲಸವೊಂದಿದೆ. ಅದನ್ನು ಸಹಪಾಠಿಗಳ ಗಮನಕ್ಕೆ ತರುವುದೇ ನನ್ನ ಈ ಲೇಖನದ ಉದ್ದೇಶ.

ಬರಿಯ ಕಲ್ಪನೆಗೆ ಕಾನೂನಿನ ರಕ್ಷಣೆಯಿಲ್ಲ. 1970ರ ಪೇಟೆಂಟ್ ಕಾಯಿದೆಯ ಪ್ರಕಾರ ಶೋಧನೆಯು ಹೊಸದಾಗಿರಬೇಕು. ಆ ಕಸುಬನ್ನು ಬಲ್ಲವನಿಗೆ ತಾನಾಗಿಯೇ ಹೊಳೆಯುವಂತಹುದಾಗಿರಬಾರದು. ಉದ್ಯಮದಲ್ಲಿ ಉಪಯೋಗಕ್ಕೆ ಬರಬೇಕು. ಬೇಸಾಯದ ಪದ್ಧತಿಗೆ ಪೇಟೆಂಟ್ ದೊರೆಯದು. ಸಾಲಿನಿಂದ ಸಾಲಿಗೆ ಇಷ್ಟು ಅಂತರ ಬಿಟ್ಟು ಬಿತ್ತಬೇಕೆಂಬುದು ಪದ್ಧತಿ; ಆ ಅಂತರವನ್ನು ತಾನೇ ಕಾಯ್ದುಕೊಳ್ಳುವ ಕೂರಿಗೆಯು ಶೋಧನೆಯಾಗಬಹುದು. ಅಡಿಕೆಗೆ ಬಣ್ಣ ಕೊಡುವ ಚೊಗರಿನಂತಹ ಪರಂಪರೆಯ ತಿಳಿವಳಿಕೆ ಯಾರೊಬ್ಬರ ಸ್ವತ್ತೂ ಆಗದು.

ಇನ್ನು 'ಹೊಸದು' ಎಂದರೇನು? ಗಾಯಕ್ಕೆ ಅರಿಸಿನ ಹಚ್ಚುವುದರ ಮೇಲೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ನೀಡಲಾಗಿತ್ತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು ಅದನ್ನು ಪ್ರಶ್ನಿಸಿ, ಹಳೆಯ ಗ್ರಂಥಗಳ ಜೊತೆಗೆ 1953ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾಗಿದ್ದ ಲೇಖನವನ್ನೂ ಮುಂದಿಟ್ಟಿತು. 1997ರಲ್ಲಿ ಆ ಪೇಟೆಂಟ್ ರದ್ದಾಯಿತು. ಅಚ್ಚಾದ ಹಾಳೆಗೆ ಅಷ್ಟು ಬಲವುಂಟು.

ಆ ಬಲವು ನಮ್ಮ ಮೇಲೆಯೂ ತಿರುಗಬಲ್ಲದು. ಅರ್ಜಿ ಹಾಕುವ ಮುನ್ನ ವಿದ್ಯಾರ್ಥಿಯೊಬ್ಬನು ತನ್ನ ಯಂತ್ರದ ವಿವರವನ್ನು ಇದೇ ವಾರ್ಷಿಕ ಸಂಚಿಕೆಯಲ್ಲಿ ಪ್ರಕಟಿಸಿದರೆ, ಅಥವಾ ಮೇಳವೊಂದರಲ್ಲಿ ಬಿಚ್ಚಿ ತೋರಿಸಿದರೆ, ಅದು ಸಾಮಾನ್ಯವಾಗಿ ಹೊಸದೆನಿಸಿಕೊಳ್ಳದು. ಕೇಂದ್ರ ಸರ್ಕಾರವು ಗೆಜೆಟ್ಟಿನಲ್ಲಿ ಸೂಚಿಸಿದ ಪ್ರದರ್ಶನದಂತಹ ಕೆಲವಕ್ಕೆ ಮಾತ್ರ ಹನ್ನೆರಡು ತಿಂಗಳ ವಿನಾಯಿತಿಯಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ಆದುದರಿಂದ ಮೊದಲು ತಾತ್ಕಾಲಿಕ ವಿವರಣೆಯೊಡನೆ ಪೇಟೆಂಟ್ ಅರ್ಜಿ ಸಲ್ಲಿಸಬೇಕು. ಕರ್ನಾಟಕವು ಚೆನ್ನೈ ಕಚೇರಿಯ ವ್ಯಾಪ್ತಿಗೆ ಸೇರಿದೆ. ಅಂತರ್ಜಾಲದ ಮೂಲಕವೂ ಸಲ್ಲಿಸಬಹುದು. ವ್ಯಕ್ತಿಯೊಬ್ಬನಿಗೆ ಹೀಗೆ ಸಲ್ಲಿಸುವ ಮೂಲ ಶುಲ್ಕ 1,600 ರೂಪಾಯಿ. ಪರೀಕ್ಷೆ ಮುಂತಾದುವಕ್ಕೆ ಬೇರೆ ಶುಲ್ಕವಿದೆ. ಸಂಪೂರ್ಣ ವಿವರಣೆಗೆ 12 ತಿಂಗಳ ಅವಕಾಶ. ಮೊದಲ ವಿವರಣೆಯಲ್ಲಿ ಬರೆಯದಿರುವ ಅಂಶಕ್ಕೆ ಆ ದಿನಾಂಕದ ಲಾಭ ಸಿಗದು. ಆದ್ದರಿಂದ ಜಿಪುಣತನ ಮಾಡದೆ ಬರೆಯಬೇಕು. ಪೇಟೆಂಟ್ ದೊರೆತರೆ, ಕಾಲಕಾಲಕ್ಕೆ ಶುಲ್ಕ ಕಟ್ಟುತ್ತಿದ್ದಲ್ಲಿ, ಅರ್ಜಿಯ ದಿನದಿಂದ 20 ವರ್ಷ ಅದರ ಅವಧಿ.

ಅನಂತರವೇ ಕಂಪನಿಯ ಬಾಗಿಲು. ಆಗಲೂ ಗುಟ್ಟನ್ನು ಕಾಪಾಡುವ ಲಿಖಿತ ಒಪ್ಪಂದ ಕೇಳುವುದು ಲೇಸು. ಕಂಪನಿಯು ರುಜು ಹಾಕಲು ಒಪ್ಪದಿದ್ದರೆ, ಯಂತ್ರವು ಏನು ಮಾಡುತ್ತದೆಂಬುದನ್ನು ಹೇಳಬಹುದು; ಹೇಗೆ ಮಾಡುತ್ತದೆಂಬುದನ್ನು ಹೇಳಬೇಕಾಗಿಲ್ಲ. ಹೊಲವನ್ನು ಕ್ರಯಕ್ಕೆ ಕೊಡುವುದು ಬೇರೆ, ಗುತ್ತಿಗೆಗೆ ಕೊಡುವುದು ಬೇರೆ. ಪೇಟೆಂಟಿನ ಹಕ್ಕನ್ನೂ ಹಾಗೆಯೇ ಪೂರ್ತಿ ಮಾರಬಹುದು, ಇಲ್ಲವೆ ಹಣ ಪಡೆದು ಬಳಸಲು ಬಿಡಬಹುದು. ಯಾವುದಕ್ಕೆ ರುಜು ಹಾಕುತ್ತಿದ್ದೇವೆಂಬುದನ್ನು ಓದಿ ತಿಳಿಯುವುದು ವಿದ್ಯಾವಂತನ ಕರ್ತವ್ಯ.

ಒಂದೇ ಶೋಧನೆಯನ್ನು ಇಬ್ಬರು ಬೇರೆ ಬೇರೆಯಾಗಿ ಮಾಡಿದ್ದರೆ, ನಮ್ಮ ಕಾನೂನು ಮೊದಲು ಅರ್ಜಿ ಹಾಕಿದವನ ಕಡೆಗೆ ನಿಲ್ಲುತ್ತದೆ. ಅಲ್ಲಿ ರೈತನ ಮಗನ ದಿನಾಂಕಕ್ಕೂ ದೊಡ್ಡ ಕಂಪನಿಯ ದಿನಾಂಕಕ್ಕೂ ತೂಕ ಒಂದೇ. ನಮ್ಮ ಕೈಲಿರುವ ಈ ಅನುಕೂಲವನ್ನು, ತೋರಿಸುವ ಆತುರದಲ್ಲಿ, ನಾವು ಕಳೆದುಕೊಳ್ಳದಿರೋಣ.