ಕೂಲಿ, ಬಹುಮಾನ ಮತ್ತು ದುಡಿಯುವ ಮನಸ್ಸು

ಪ್ರತಿಫಲ ಹೆಚ್ಚಿದರೆ ದುಡಿಯುವವನ ಹುಮ್ಮಸ್ಸು ಹೆಚ್ಚುತ್ತದೆಂದು ಎಲ್ಲರೂ ಹೇಳುತ್ತಾರೆ. ಆದರೆ ಪ್ರತಿಫಲದ ಬೆಲೆಯನ್ನು ನಿರ್ಧರಿಸುವವರು ಯಾರು? ಕೊಡುವವರೋ, ಪಡೆಯುವವರೋ?

ಪವಿತ್ರ ಕುರ್‌ಆನಿನ 'ಅಲ್ ಕಸಸ್' ಅಧ್ಯಾಯದಲ್ಲಿ ಇದಕ್ಕೊಂದು ನಿದರ್ಶನವಿದೆ. ಪ್ರವಾದಿ ಮೂಸಾ(ಅ) ಈಜಿಪ್ಟಿನಿಂದ ಮದ್‌ಯನಿಗೆ ಬಂದಾಗ ಅವರಿಗೆ ಮನೆಯಿರಲಿಲ್ಲ, ಬಂಧುಗಳಿರಲಿಲ್ಲ, ಬೆನ್ನಿಗೆ ಜೀವಭಯವಿತ್ತು. ಅಲ್ಲಿನ ಹಿರಿಯರೊಬ್ಬರು ತಮ್ಮ ಮಗಳೊಂದಿಗೆ ವಿವಾಹದ ಪ್ರಸ್ತಾಪವಿಟ್ಟು, ಎಂಟು ವರ್ಷ ದುಡಿಯಬೇಕೆಂದೂ, ಹತ್ತು ಪೂರೈಸುವುದು ಮೂಸಾರ ಇಚ್ಛೆಗೆ ಬಿಟ್ಟದ್ದೆಂದೂ, ತಾವು ಕಷ್ಟ ಕೊಡುವುದಿಲ್ಲವೆಂದೂ ಮೊದಲೇ ತಿಳಿಸಿದರು. ನೆಲೆಯಿಲ್ಲದವರಿಗೆ ನೆಲೆಯೂ ಕುಟುಂಬವೂ ದೊರೆಯಿತು. ಮೂಸಾ(ಅ) ದೀರ್ಘವಾದ ಅವಧಿಯನ್ನೇ ಪೂರೈಸಿದರೆಂದು ಇಬ್ನು ಅಬ್ಬಾಸ್(ರ) ತಿಳಿಸಿದ್ದಾರೆ. ಕಡ್ಡಾಯವಲ್ಲದ ಎರಡು ವರ್ಷಗಳನ್ನೂ ಅವರು ದುಡಿದರು.

ಮನಶ್ಶಾಸ್ತ್ರಜ್ಞ ವಿಕ್ಟರ್ ವ್ರೂಮ್ 1964ರಲ್ಲಿ ಇದೇ ವಿಷಯವನ್ನು ವಿಶ್ಲೇಷಿಸಿದರು. ದುಡಿಯುವವನ ಮನಸ್ಸಿನಲ್ಲಿ ಮೂರು ಪ್ರಶ್ನೆಗಳಿರುತ್ತವೆ: ಶ್ರಮಪಟ್ಟರೆ ಕೆಲಸ ಕೈಗೂಡುವುದೇ? ಕೈಗೂಡಿದರೆ ಹೇಳಿದ ಪ್ರತಿಫಲ ಸಿಗುವುದೇ? ಸಿಕ್ಕಿದ್ದು ನನಗೆ ಬೇಕಾದದ್ದೇ? ಈ ಮೂರನ್ನು ಗುಣಿಸಿದಂತೆ ಹುಮ್ಮಸ್ಸು. ಒಂದು ಸೊನ್ನೆಯಾದರೆ ಎಲ್ಲವೂ ಸೊನ್ನೆ.

ನಮ್ಮ ಸೀಮೆಯಲ್ಲೇ ನೋಡೋಣ. ಶಹಾಬಾದಿನ ಫರಸಿ ಕಲ್ಲಿನ ಗಣಿಯಲ್ಲಿ ಅಳತೆಯ ಲೆಕ್ಕದಲ್ಲಿ ಕೂಲಿ ಎಂದಿಟ್ಟುಕೊಳ್ಳಿ. ಕಲ್ಲಿನ ಪದರವೇ ಒಡಕಾಗಿದ್ದರೆ ಎಷ್ಟು ಶ್ರಮಪಟ್ಟರೂ ಅಳತೆ ಏರದು. ಅಲ್ಲಿ ಮೊದಲ ಪ್ರಶ್ನೆಯೇ ಸೋಲುತ್ತದೆ. ಚಿತ್ತಾಪುರದಲ್ಲಿ ತೊಗರಿ ರಾಶಿ ಮುಗಿದ ಮೇಲೂ ಕೂಲಿಯನ್ನು 'ನಾಳೆ ಬಾ' ಎಂದು ಮುಂದೂಡಿದರೆ ಎರಡನೆಯದು. ವಾಡಿ, ಸೇಡಂನ ಸಿಮೆಂಟ್ ಕೆಲಸಗಾರನಿಗೆ ಜೂನ್‌ನಲ್ಲಿ ಮಗಳ ಶಾಲಾ ಶುಲ್ಕದ ಚಿಂತೆಯಿರುವಾಗ ಗುತ್ತೇದಾರ ಗೋಡೆ ಗಡಿಯಾರ ಕೊಟ್ಟರೆ ಮೂರನೆಯದು. ಚಿಂಚೋಳಿಯಿಂದ ದೂರದ ಊರಿಗೆ ದುಡಿಯಲು ಹೋದವನಿಗೆ ಹಬ್ಬಕ್ಕೆ ನಾಲ್ಕು ದಿನ ಸಂಬಳಸಹಿತ ರಜೆ ಯಾವ ಉಡುಗೊರೆಗಿಂತಲೂ ದೊಡ್ಡದಾಗಬಹುದು.

ಇನ್ನೊಂದು ಮಾತು. ಹಕ್ಕನ್ನು ಬಹುಮಾನವೆಂದು ತೋರಿಸಬಾರದು. 1965ರ ಬೋನಸ್ ಕಾಯ್ದೆ ಅರ್ಹ ಕಾರ್ಮಿಕರಿಗೆ ಕನಿಷ್ಠ ಶೇ. 8.33, ಗರಿಷ್ಠ ಶೇ. 20 ಬೋನಸ್ ಗೊತ್ತುಪಡಿಸಿತ್ತು. 2019ರ ವೇತನ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಕನಿಷ್ಠವೆಂದರೆ ಲೆಕ್ಕಕ್ಕೆ ಹಿಡಿದ ವಾರ್ಷಿಕ ವೇತನದ ಹನ್ನೆರಡನೆಯ ಒಂದು ಭಾಗ. ಅದು ಧಣಿಯ ಔದಾರ್ಯವಲ್ಲ. ಇಪ್ಪತ್ತಕ್ಕಿಂತ ಕಡಿಮೆ ಜನ ದುಡಿಯುವ ಸಣ್ಣ ಗಣಿಗಳು ಸಾಮಾನ್ಯವಾಗಿ ಈ ನಿಯಮದ ಹೊರಗುಳಿಯುತ್ತವೆ. ಅಲ್ಲಿ ಮಾಲೀಕನ ನ್ಯಾಯಪ್ರಜ್ಞೆಯೇ ಕಾರ್ಮಿಕನಿಗೆ ಆಸರೆ.

ಆದ್ದರಿಂದ ಕೆಲಸಕ್ಕೆ ಜನರನ್ನಿಟ್ಟುಕೊಳ್ಳುವ ಸಹೋದರರು ಮೊದಲು ಹಕ್ಕನ್ನು ಸಕಾಲದಲ್ಲಿ ಸಲ್ಲಿಸಲಿ. ಬಳಿಕ ಬಹುಮಾನ ಕೊಡುವುದಾದರೆ 'ನಿನಗೇನು ಬೇಕು?' ಎಂದು ಕೇಳಲಿ. ಹಾಗೆ ಕೇಳುವುದರಿಂದ ಖರ್ಚು ಬೆಳೆಯುವುದಿಲ್ಲ, ಬಹುಮಾನದ ಬೆಲೆ ಬೆಳೆಯುತ್ತದೆ.