ಸೀಟು ಕೈಗೆ ಬರುವವರೆಗೆ ಸಂಬಳ ಬಿಡಬೇಡಿ

ವಕೀಲಿ ಓದಲು ಹೊರಟ ನೌಕರಸ್ಥರು ನನ್ನನ್ನು ಮೊದಲು ಕೇಳುವುದು ಇದನ್ನೇ: ಕೆಲಸ ಬಿಟ್ಟು ಪ್ರವೇಶ ಪರೀಕ್ಷೆಗೆ ಓದಲಾ? ಪೀಣ್ಯದ ಸಿದ್ಧ ಉಡುಪು ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿ ದುಡಿಯುತ್ತಲೇ ಆ ಪರೀಕ್ಷೆಗೆ ತಯಾರಾದವಳು ನಾನು. ಈಗ ಮೂರು ವರ್ಷದ ಎಲ್‌ಎಲ್‌ಬಿಯ ಕೊನೆಯ ವರ್ಷದಲ್ಲಿದ್ದೇನೆ. ದಯವಿಟ್ಟು ಬಿಡಬೇಡಿ ಎಂದೇ ಎಲ್ಲರಿಗೂ ಹೇಳುತ್ತೇನೆ.

ಲೆಕ್ಕ ಹಾಕಿ ನೋಡಿ. ತಿಂಗಳಿಗೆ 28,000 ರೂಪಾಯಿ ಕೈಗೆ ಬರುವವರು ಎಂಟು ತಿಂಗಳು ಮನೆಯಲ್ಲಿ ಕೂತು ಓದಿದರೆ 2,24,000 ರೂಪಾಯಿ ಹೋಯಿತು. ಕೋಚಿಂಗ್ ಶುಲ್ಕ ದುಬಾರಿಯಾಯಿತೆಂದು ಮನೆಮಂದಿಯೆಲ್ಲ ಚರ್ಚಿಸುತ್ತಾರೆ, ಆದರೆ ಈ ಮೊತ್ತವನ್ನು ಯಾರೂ ಖರ್ಚಿನ ಪಟ್ಟಿಗೆ ಸೇರಿಸುವುದಿಲ್ಲ. ನಿಜವಾಗಿ ದುಡ್ಡು ಬೇಕಾಗುವುದು ಸೀಟು ಸಿಕ್ಕ ಮೇಲೆ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳು ಪ್ರತಿ ವಿಷಯದಲ್ಲೂ ಶೇ 70 ಹಾಜರಿ ಕೇಳುತ್ತವೆ. ದೂರಶಿಕ್ಷಣದಲ್ಲಿ ಓದಿದ ಕಾನೂನು ಪದವಿ ಹಿಡಿದು ಹೋದರೆ ವಕೀಲರಾಗಿ ನೋಂದಣಿ ಸಿಗುವುದಿಲ್ಲ. ಹಗಲಿಡೀ ಆಫೀಸಿನಲ್ಲಿದ್ದು ಈ ಪದವಿ ಮುಗಿಸುವ ದಾರಿ ಹೆಚ್ಚಿನವರಿಗೆ ಇಲ್ಲ. ಹಾಗಾಗಿ ಮುಂದಿನ ಮೂರು ವರ್ಷದ ಬಾಡಿಗೆ, ದಿನಸಿಗೆ ಕೂಡಿಡಲು ಸಿಗುವ ಕೊನೆಯ ಅವಕಾಶವೆಂದರೆ ಈ ತಯಾರಿಯ ತಿಂಗಳುಗಳೇ. ನಾನು ಬ್ಯಾಂಕಿನಲ್ಲಿ ಒಂದು ವರ್ಷದ ಆರ್‌ಡಿ ತೆರೆದು, ಸಂಬಳ ಬಂದ ಮರುದಿನವೇ ಕಂತು ಕಡಿತವಾಗುವಂತೆ ಮಾಡಿದ್ದೆ.

ಸಮಯ ಎಲ್ಲಿಂದ ತರುವುದು ಅನ್ನುತ್ತೀರಿ. ಅದು ನಿಮ್ಮ ಕೆಲಸದ ಕ್ಯಾಲೆಂಡರಿನಲ್ಲೇ ಇದೆ. ಅಕೌಂಟ್ಸ್‌ನವರಿಗೆ 7ನೇ ತಾರೀಕು ಟಿಡಿಎಸ್ ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಆ ದಿನಗಳಲ್ಲಿ ಪುಸ್ತಕ ಹಿಡಿದರೂ ತಲೆಗೆ ಹತ್ತುವುದಿಲ್ಲ. ಅದಕ್ಕೇ ತಿಂಗಳ ಮೊದಲ ಇಪ್ಪತ್ತು ದಿನ ಮೆಟ್ರೊದಲ್ಲಿ ಪತ್ರಿಕೆ ಓದುವುದು ಬಿಟ್ಟರೆ ಬೇರೇನೂ ಇಟ್ಟುಕೊಳ್ಳಲಿಲ್ಲ. 21ರಿಂದ ತಿಂಗಳ ಕೊನೆಯವರೆಗೆ ದಿನಕ್ಕೆ ಎರಡೂವರೆ ಗಂಟೆ ಬಿಗಿಯಾಗಿ ಕೂತೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಮೂರು ವರ್ಷದ ಎಲ್‌ಎಲ್‌ಬಿಗೆ ನಡೆಸುವ ಎನ್‌ಎಲ್‌ಎಸ್‌ಎಟಿ ಏಪ್ರಿಲ್ ಕೊನೆಗೆ ಬಂದಿತ್ತು. ಮಾರ್ಚ್ ಎಂದರೆ ನಮ್ಮಲ್ಲಿ ವರ್ಷದ ಲೆಕ್ಕ ಮುಗಿಸುವ ತಿಂಗಳು, ರಜೆ ಕೇಳುವ ಹಾಗೇ ಇಲ್ಲ. ಗಳಿಕೆ ರಜೆಯನ್ನು ವರ್ಷವಿಡೀ ಮುಟ್ಟದೆ ಏಪ್ರಿಲ್‌ಗೆಂದು ಉಳಿಸಿಕೊಂಡೆ. ಈ ಮಾತನ್ನು ಮ್ಯಾನೇಜರಿಗೆ ಡಿಸೆಂಬರಿನಲ್ಲೇ ಹೇಳಿಟ್ಟಿದ್ದರಿಂದ ತಕರಾರು ಬರಲಿಲ್ಲ.

ಆ ಪರೀಕ್ಷೆ 150 ನಿಮಿಷದ್ದು, 150 ಅಂಕದ್ದು. ಅರ್ಧದಷ್ಟು ಅಂಕ ಬರೆದು ಉತ್ತರಿಸುವ ಭಾಗಕ್ಕೆ. ವರ್ಷಗಟ್ಟಲೆ ಟ್ಯಾಲಿಯಲ್ಲಿ ಅಂಕಿ ಒತ್ತಿದ ಬೆರಳುಗಳಿಗೆ ಪೆನ್ನು ಹಿಡಿದು ಎರಡು ಪುಟ ತುಂಬಿಸುವುದೇ ಕಷ್ಟ. ಮೊದಮೊದಲು ಅರ್ಧ ಗಂಟೆಗೆಲ್ಲ ಹೆಬ್ಬೆರಳಿನ ಬುಡ ನೋಯುತ್ತಿತ್ತು, ಅಕ್ಷರ ಸಾಲು ಬಿಟ್ಟು ಇಳಿಯುತ್ತಿತ್ತು. ಊಟದ ಬಿಡುವಿನಲ್ಲಿ ಡಬ್ಬಿ ಮುಚ್ಚಿದ ಮೇಲೆ ಹದಿನೈದು ನಿಮಿಷ, ಆ ದಿನದ ಪತ್ರಿಕೆಯ ಒಂದು ತೀರ್ಪಿನ ಸುದ್ದಿ ತೆಗೆದುಕೊಂಡು ಪರ ಒಂದು ಪ್ಯಾರಾ, ವಿರೋಧ ಒಂದು ಪ್ಯಾರಾ ಬರೆಯುತ್ತಿದ್ದೆ. ಇದಕ್ಕೆ ಖರ್ಚಾದದ್ದು ನೋಟ್‌ಬುಕ್ಕಿನ ಬೆಲೆ. ಭಾನುವಾರ ನಮ್ಮ ಬಡಾವಣೆಯ ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತರೆ ಮಧ್ಯಾಹ್ನದವರೆಗೆ ಯಾರೂ ಎಬ್ಬಿಸುತ್ತಿರಲಿಲ್ಲ.

ದುಡ್ಡು ಕೊಟ್ಟು ನಾನು ಕೊಂಡದ್ದು ಸಮಯವನ್ನು. ಪಾತ್ರೆ ತೊಳೆಯಲು, ನೆಲ ಒರೆಸಲು ಒಬ್ಬರನ್ನು ಇಟ್ಟುಕೊಂಡೆವು. ಇದ್ಯಾಕೆ ದುಂದು ಎಂದು ನೆಂಟರು ಅಂದಾಗ ಅತ್ತೆಯೇ ಅವರ ಬಾಯಿ ಮುಚ್ಚಿಸಿದರು. "ನೀನು ಓದ್ಕೋಮ್ಮ, ಸಾರು ನಾನು ನೋಡ್ಕೋತೀನಿ" ಎಂದ ಅವರ ಮಾತಿಗೆ ಬೆಲೆ ಕಟ್ಟಲು ನನ್ನಿಂದಾಗದು. ಕೋಚಿಂಗಿನ ಪೂರ್ತಿ ಪ್ಯಾಕೇಜಿಗಿಂತ ಮನೆಗೆಲಸದ ಸಹಾಯಕ್ಕೆ ಕೊಡುವ ದುಡ್ಡು ಮದುವೆಯಾದ ಹೆಣ್ಣುಮಕ್ಕಳಿಗೆ ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇಷ್ಟಾಗಿಯೂ ನನಗೆ ನ್ಯಾಷನಲ್ ಲಾ ಸ್ಕೂಲಿನಲ್ಲಿ ಸೀಟು ಸಿಗಲಿಲ್ಲ. ಆದರೆ ಬಾಗಿಲು ಅದೊಂದೇ ಅಲ್ಲ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಮೂರು ವರ್ಷದ ಕೋರ್ಸಿಗೆ ಪದವಿಯ ಅಂಕಗಳ ಮೇಲೆ ಪ್ರವೇಶ. ಸಾಮಾನ್ಯ ವರ್ಗಕ್ಕೆ ಶೇ 45, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 40 ಇದ್ದರೆ ಅರ್ಜಿ ಹಾಕಬಹುದು. ನಾನು ಸೇರಿದ್ದು ಅಂಥ ಒಂದು ಕಾಲೇಜಿಗೆ. ನ್ಯಾಷನಲ್ ಲಾ ಸ್ಕೂಲಿನ ಶುಲ್ಕ ವರ್ಷಕ್ಕೆ ಲಕ್ಷಗಳಲ್ಲಿ, ಇಲ್ಲಿ ನಾನು ಕಟ್ಟಿದ್ದು ಸಾವಿರಗಳಲ್ಲಿ. ಸಾಲದ ಮಾತೇ ಬರಲಿಲ್ಲ. ಸಾಲ ಮಾಡಲೇಬೇಕಾದವರು ಒಂದು ನೆನಪಿಡಿ: ಓದುವಾಗ ಕಂತು ಕಟ್ಟದಿದ್ದರೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ, ಮತ್ತು ಬಡ್ಡಿಗೆ 80ಇ ಕಲಮಿನ ತೆರಿಗೆ ವಿನಾಯಿತಿ ಇದ್ದದ್ದು ಹಳೆಯ ತೆರಿಗೆ ಪದ್ಧತಿಯವರಿಗೆ ಮಾತ್ರ.

ಕೂಡಿಡುವಾಗ ಮೂರು ವರ್ಷಕ್ಕೆಂದು ಲೆಕ್ಕ ಹಾಕಬೇಡಿ, ನಾಲ್ಕಕ್ಕೆ ಹಾಕಿ. ಸುಪ್ರೀಂ ಕೋರ್ಟಿನ 2024ರ ತೀರ್ಪಿನಿಂದ ನೋಂದಣಿ ಶುಲ್ಕ 750 ರೂಪಾಯಿ ಮೀರುವಂತಿಲ್ಲ, ಪರಿಶಿಷ್ಟರಿಗೆ 125. ಅದು ದೊಡ್ಡ ನೆಮ್ಮದಿ. ಆದರೆ ಕಿರಿಯ ವಕೀಲರಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ಕೊಡಿ ಎಂದು ವಕೀಲರ ಪರಿಷತ್ತು ಅದೇ ವರ್ಷ ಹೇಳಿದ್ದು ಶಿಫಾರಸು ಮಾತ್ರ. ಸೀನಿಯರ್ ಅಷ್ಟು ಕೊಡಲೇಬೇಕೆಂದಿಲ್ಲ.

ಕೊನೆಗೆ ಆರೋಗ್ಯ ವಿಮೆ. ಕೆಲಸ ಬಿಟ್ಟರೆ ಕಂಪನಿಯ ಗುಂಪು ವಿಮೆಯೂ ಹೋಗುತ್ತದೆ. ಹೊಸ ಪಾಲಿಸಿಯಲ್ಲಿ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ಸಾಮಾನ್ಯವಾಗಿ ಹಣ ಸಿಗುವುದಿಲ್ಲ, ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಹಾಗಾಗಿ ಸಂಬಳ ಬರುತ್ತಿರುವಾಗಲೇ ನಿಮ್ಮ ಹೆಸರಿನಲ್ಲೊಂದು ಪಾಲಿಸಿ ಮಾಡಿಸಿ, ಆಮೇಲೆ ರಾಜೀನಾಮೆ ಪತ್ರ ಬರೆಯಿರಿ.